ಉಡಚವ್ವ ಎಣಿಸುವ ನೂರಾ ಎಂಬತ್ತು ದಿನಗಳು

ಬೆಳಗಿನ ಐದೂವರೆ. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆಗಳ ಹುಡುಗರು ಇನ್ನೂ ಮುಸುಕು ಹೊದ್ದು ಮಲಗಿದ್ದಾರೆ. ರಾಜರತ್ನ ಅವರ ಝೆರಾಕ್ಸ್ ಅಂಗಡಿಯ ಶಟರ್ ಮಾತ್ರ ಅರ್ಧ ಮೇಲೆದ್ದಿದೆ. ಒಳಗೆ ಐವತ್ತೆಂಟರ ಉಡಚವ್ವ ಕಸಬರಿಗೆ ಹಿಡಿದು ನಿನ್ನೆಯ ಕಾಗದದ ಚೂರುಗಳನ್ನು ಒಂದು ಮೂಲೆಗೆ ತಳ್ಳುತ್ತಿದ್ದಾರೆ. ಬಾಗಿಲ ಮುಂದೆ ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಅವರು ಗೋಡೆಯ ಕಡೆ ತಿರುಗುತ್ತಾರೆ. ಅಲ್ಲಿ ಕಿರಾಣಿ ಅಂಗಡಿಯವರು ಕೊಟ್ಟ ದೊಡ್ಡ ಅಂಕಿಗಳ ಕ್ಯಾಲೆಂಡರ್ ತೂಗುತ್ತಿದೆ. ಅಮಾವಾಸ್ಯೆ, ಏಕಾದಶಿ, ಸಂಕಷ್ಟಿಗಳ ನಡುವೆ ಸಿಕ್ಕ ಜಾಗದಲ್ಲೆಲ್ಲ ಬಾಲ್‌ಪೆನ್ನಿನಲ್ಲಿ ಬರೆದ ಹೆಸರುಗಳು.

ಇಂದು ಜನವರಿ ಒಂಬತ್ತು. ಅಂಕಿಯ ಮೇಲೆ ಬೆರಳಿಟ್ಟು, ಕೆಳಗಿನ ಹೆಸರು ಓದಿ, ಉಡಚವ್ವ ಫೋನ್ ಹಚ್ಚುತ್ತಾರೆ. ಆ ಕಡೆ ಇರುವವನು ಸುಫಿಯಾನ. ತಾರಿಹಾಳದ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿತು ದುಬೈಗೆ ಹೋದವನು, ಈಗ ಊರಿಗೆ ಬಂದಿದ್ದಾನೆ.

“ತಮ್ಮಾ, ನಿಂದು ಇನ್ನ ಇಪ್ಪತ್ತೊಂದ ದಿನಾ ಉಳದಾವ. ಟಿಕೀಟ ತಗದಿಯೇನು?”

ಟಿಕೆಟ್ ತೆಗೆದಿಲ್ಲ. ಇವತ್ತೇ ತೆಗೆಯುತ್ತೇನೆ ಎಂದು ನಿದ್ದೆಗಣ್ಣಲ್ಲಿ ಮಾತು ಕೊಡುತ್ತಾನೆ. ಸಂಜೆಗೆ ಮತ್ತೆ ಫೋನ್ ಬರುತ್ತದೆ ಎಂದು ಹೆದರಿಸಿ ಉಡಚವ್ವ ಮುಂದಿನ ಹೆಸರಿಗೆ ಹೋಗುತ್ತಾರೆ. ಏಳು ಗಂಟೆಯಾದರೆ ಹಳ್ಳಿಯವರು ಹೊಲಕ್ಕೆ, ಪೇಟೆಯವರು ಕೆಲಸಕ್ಕೆ ಹೊರಟುಬಿಡುತ್ತಾರೆ. ಅಷ್ಟರೊಳಗೆ ಆರೋ ಏಳೋ ಮನೆಗಳನ್ನು ಎಬ್ಬಿಸಬೇಕು. ಅಂಗಡಿ ಗುಡಿಸುವುದು ಅವರ ಸಂಬಳದ ಕೆಲಸ. ಇದಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ.

ವಿಷಯ ಇಷ್ಟೇ. ದುಬೈಯಲ್ಲಿ ಕೆಲಸದ ವೀಸಾ ಮೇಲೆ ಇರುವವರು ಆ ನೆಲ ಬಿಟ್ಟು ಒಂದೇ ಸಮನೆ ನೂರಾ ಎಂಬತ್ತು ದಿನಕ್ಕಿಂತ ಹೆಚ್ಚು ಹೊರಗಿದ್ದರೆ, ಸಾಮಾನ್ಯವಾಗಿ ಅಲ್ಲಿ ವಾಸಿಸುವ ಪರವಾನಗಿ ಬಿದ್ದುಹೋಗುತ್ತದೆ. ಕಾರಣ ತೋರಿಸಿ ಮತ್ತೆ ಒಳಗೆ ಬರಲು ಅರ್ಜಿ ಹಾಕಬಹುದು, ಸಿಕ್ಕೇ ಸಿಗುತ್ತದೆಂದು ಯಾರೂ ಹೇಳಲಾರರು. ಉಳಿದ ದೇಶಗಳದ್ದು ಬೇರೆ ಬೇರೆ ಲೆಕ್ಕ. ಕೆಲವು ಕಡೆ ಮನೆಗೆಲಸದವರಿಗೆ ಇನ್ನೂ ಕಡಿಮೆ ದಿನ, ಅದೂ ಆಗಾಗ ಬದಲಾಗುತ್ತದೆ. ಹೊಸ ಸುದ್ದಿಯನ್ನು ಕಂಪ್ಯೂಟರಿನಲ್ಲಿ ಹುಡುಕಿ ಓದಿ ಹೇಳುವುದು ಅಂಗಡಿಯ ಯಜಮಾನ ರಾಜರತ್ನ ಅವರ ಪಾಲು. ಅವರು ನಿವೃತ್ತ ಗುಮಾಸ್ತರು. ದಿನ ಎಣಿಸುವುದು ಐದನೇ ಇಯತ್ತೆಗೆ ಸಾಲಿ ಬಿಟ್ಟ ಉಡಚವ್ವನ ಪಾಲು.

ಎಣಿಸುವುದರಲ್ಲಿ ಅಂಥ ಕಷ್ಟವೇನಿದೆ ಎಂದು ಕೇಳುವವರಿಗೆ ಅವರು ಒಂದೇ ಮಾತು ಹೇಳುತ್ತಾರೆ. “ನಾವು ಊರಿಗೆ ಬಂದ ದಿನಾ ಹಿಡದು ಎಣಸ್ತೇವಿ. ದುಬೈದವರು ನಾವು ಅಲ್ಲಿ ಬಿಟ್ಟ ದಿನಾ ಹಿಡದು ಎಣಸ್ತಾರ.”

ಈ ಮಾತನ್ನು ಅವರು ಪುಕ್ಕಟೆಯಾಗಿ ಕಲಿತವರಲ್ಲ. ಹನ್ನೆರಡು ವರ್ಷದ ಹಿಂದೆ ಉಡಚವ್ವ ದುಬೈಯ ಒಂದು ಮಕ್ಕಳ ಸಾಲಿಯಲ್ಲಿ ಆಯಾ ಆಗಿದ್ದರು. ಹತ್ತು ವರ್ಷದ ಚಾಕರಿ. ನಾಲ್ಕು ವರ್ಷದ ಮಕ್ಕಳ ಮೂಗು ಒರೆಸುವುದು, ಬೂಟು ತೊಡಿಸುವುದು, ಅಮ್ಮ ಬೇಕೆಂದು ಅಳುವವರನ್ನು ಬಗಲಲ್ಲಿ ಎತ್ತಿಕೊಂಡು ಗೇಟಿನ ತನಕ ತಿರುಗಾಡಿಸುವುದು. ಗಂಡ ಯಮನಪ್ಪ ಹಮಾಲಿ ಮಾಡುವಾಗ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ಬಂದಾಗ ಓಡಿ ಬಂದರು. ಬರುವ ದಿನ ಮಕ್ಕಳು ಗೇಟಿನ ಸರಳು ಹಿಡಿದು ನಿಂತಿದ್ದವಂತೆ. ಆಯಾ ಬರ್ತಾಳ, ಎಲ್ಲೀ ಹೋಗಂಗಿಲ್ಲ ಎಂದು ಕೈಬೀಸಿ ಹೊರಟರು. ಕನ್ನಡ ಆ ಮಕ್ಕಳಿಗೆ ಎಷ್ಟು ತಿಳಿಯಿತೋ, ತಲೆಯನ್ನಂತೂ ಆಡಿಸಿದವು.

ಮುಂಬೈಯಲ್ಲಿ ಇಳಿದಾಗ ರೈಲಿನ ಟಿಕೆಟ್ ಸಿಗಲಿಲ್ಲ. ಪರಿಚಯದವರ ಮನೆಯಲ್ಲಿ ಮೂರು ದಿನ ಕಳೆದು, ನಾಲ್ಕನೆಯ ದಿನ ಧಾರವಾಡ ಮುಟ್ಟಿದರು. ಮುಟ್ಟಿದ ದಿನದಿಂದ ಎಣಿಸಿದರು. ಯಮನಪ್ಪ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾದ ಮೇಲೆ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಂಡು ಹೊರಟರೆ, ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಪರದೆ ನೋಡಿ ತಲೆ ಅಲ್ಲಾಡಿಸಿದಳು. ಮೂರು ದಿನ ಹೆಚ್ಚಾಗಿತ್ತು. ಚಟ್ನಿ ಪುಡಿಯ ಸಮೇತ ಮರಳಿ ಬಂದರು. ಅರ್ಜಿ ಗಿರ್ಜಿ ಎನ್ನುವಷ್ಟರಲ್ಲಿ ಸಾಲಿಯವರು ಬೇರೊಬ್ಬ ಆಯಾಳನ್ನು ಇಟ್ಟುಕೊಂಡಿದ್ದರು.

ಮರುವರ್ಷ ಈ ಅಂಗಡಿಗೆ ಗುಡಿಸಲು ಸೇರಿದಾಗ, ಟಿಕೆಟ್ ಪ್ರಿಂಟಿಗೆ ಬಂದವನೊಬ್ಬ ಊರು ಮುಟ್ಟಿದ ದಿನದಿಂದ ಎಣಿಸುವ ಅದೇ ಲೆಕ್ಕ ಹೇಳುವುದು ಕಿವಿಗೆ ಬಿತ್ತು. ಕಸಬರಿಗೆ ಕೆಳಗಿಟ್ಟು ಅವನ ಪಾಸ್‌ಪೋರ್ಟ್ ಕಸಿದುಕೊಂಡರು. ಅಂದು ಗೋಡೆಯ ಮೇಲೆ ಬರೆದದ್ದು ಮೊದಲ ಹೆಸರು. ಈಗ ಅಟ್ಟದಲ್ಲಿ ಹನ್ನೊಂದು ಹಳೆಯ ಕ್ಯಾಲೆಂಡರ್‌ಗಳ ಸುರುಳಿಗಳಿವೆ. ವರ್ಷಕ್ಕೆ ಅರವತ್ತು, ಎಪ್ಪತ್ತು ಹೆಸರು. ಹೋದವರು ಒಳಗೆ ಸೇರಿದ ಸುದ್ದಿ ಬಂದರೆ ಅವರ ಹೆಸರಿಗೆ ಒಂದು ಚಿಟಿಕೆ ಭಂಡಾರ ಹಚ್ಚುತ್ತಾರೆ, ದೇವಿಗೆ ಹಚ್ಚುವ ಅದೇ ಅರಿಶಿನ. ಇಬ್ಬರ ಹೆಸರುಗಳು ಮಾತ್ರ ಬೋಳಾಗಿ ಉಳಿದಿವೆ. ಅವರಲ್ಲಿ ಒಬ್ಬ ತನ್ನ ತಮ್ಮನ ಮದುವೆ ಗದ್ದಲದಲ್ಲಿ ಹದಿನೈದು ದಿನ ಫೋನನ್ನೇ ಎತ್ತಿರಲಿಲ್ಲ. ಅವನ ಮೇಲಿನ ಸಿಟ್ಟು ಉಡಚವ್ವನಿಗೆ ಇನ್ನೂ ಇಳಿದಿಲ್ಲ.

“ಅಂಗಡಿ ನಂದು ಖರೇರಿ,” ಎಂದು ರಾಜರತ್ನ ನಗುತ್ತಾರೆ, “ಆದ್ರ ಜನಾ ಬರೋದು ಈಕಿ ಕ್ಯಾಲೆಂಡರ್ ನೋಡಾಕ.”

ಏಳಕ್ಕೆ ಹತ್ತು ನಿಮಿಷ ಇರುವಾಗ ಹತ್ತಿರದ ಮುಗದ ಹಳ್ಳಿಯಿಂದ ಗಂಡ ಹೆಂಡತಿ ಬರುತ್ತಾರೆ. ದುರ್ಗಾ ದುಬೈಯಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ನೋಡಿಕೊಳ್ಳುವ ಕೆಲಸದವರು. ಮಗಳ ನರ್ಸಿಂಗ್ ಓದು ಆ ಕೆಲಸದ ಮೇಲೆ ನಿಂತಿದೆ. ಊರಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಸುಧಾರಿಸಿಕೊಳ್ಳುವಷ್ಟರಲ್ಲಿ ತಿಂಗಳುಗಳು ಕಳೆದಿವೆ. ಸಂಕ್ರಾಂತಿಗೆ ಮಗಳು ಹಾಸ್ಟೆಲಿನಿಂದ ಬರುತ್ತಾಳೆ, ಹಬ್ಬ ಮುಗಿಸಿ ಹದಿನೆಂಟಕ್ಕೆ ಹೊರಡುವುದು ಎಂದು ಟಿಕೆಟ್ ತೆಗೆದಾಗಿದೆ. ಅದರದೊಂದು ಪ್ರಿಂಟ್ ಸಾಕು ಎನ್ನುತ್ತಾರೆ ಗಂಡ ಹನಮೇಶ. ನಾಗರ ಪಂಚಮಿಗೆ ಬಂದವರು, ಆರು ತಿಂಗಳಿಗೆ ಇನ್ನೂ ಹತ್ತು ಹನ್ನೆರಡು ದಿನ ಮಿಗುತ್ತವೆ ಎಂಬುದು ಅವರ ಲೆಕ್ಕ.

ಉಡಚವ್ವ ಟಿಕೆಟ್ ಮುಟ್ಟುವುದಿಲ್ಲ. ಪಾಸ್‌ಪೋರ್ಟ್ ಕೇಳುತ್ತಾರೆ. ಈಗೀಗ ಅಲ್ಲಿ ಹೊರಡುವಾಗ ಯಂತ್ರದ ಮುಂದೆ ಮುಖ ತೋರಿಸಿದರೆ ಆಯಿತು, ಮುದ್ರೆ ಬೀಳುವುದೇ ಅಪರೂಪ. ಹಾಗಾಗಿ ಅವರು ಹುಡುಕುವುದು ಮುಂಬೈಯಲ್ಲಿ ಇಳಿದಾಗ ಬಿದ್ದ ಮುದ್ರೆ. ಅದರಲ್ಲಿರುವ ತಾರೀಖು ಜುಲೈ ಹದಿನೇಳು, ದುಬೈ ಬಿಟ್ಟದ್ದೂ ಅದೇ ದಿನ ಬೆಳಿಗ್ಗೆ. ಪಂಚಮಿ ಇದ್ದದ್ದು ಇಪ್ಪತ್ತೊಂಬತ್ತಕ್ಕೆ. ನಡುವಿನ ಹನ್ನೆರಡು ದಿನ ಎಲ್ಲಿದ್ದೆ ಎಂದು ಕೇಳುತ್ತಾರೆ. ಮುಂಬೈ ಹತ್ತಿರದ ಕಲ್ಯಾಣದಲ್ಲಿ ಅಕ್ಕನ ಕಣ್ಣಿನ ಆಪರೇಷನ್ ಇತ್ತು, ಅಲ್ಲಿದ್ದೆ ಎನ್ನುತ್ತಾರೆ ದುರ್ಗಾ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬದ ದಿನವೇ ಮುಗದಕ್ಕೆ ಕಾಲಿಟ್ಟದ್ದರಿಂದ, ಬಂದ ದಿನ ಎಂದರೆ ಎಲ್ಲರ ಬಾಯಲ್ಲೂ ಪಂಚಮಿಯೇ ಆಗಿಹೋಗಿದೆ.

ಅಟ್ಟದಿಂದ ಹೋದ ವರ್ಷದ ಕ್ಯಾಲೆಂಡರ್ ಇಳಿಯುತ್ತದೆ. ಉಡಚವ್ವ ಒಮ್ಮೆ ಬಾಯಲ್ಲಿ, ಒಮ್ಮೆ ಬೆರಳಲ್ಲಿ, ಒಮ್ಮೆ ಹಾಳೆ ತಿರುವಿ ಎಣಿಸುತ್ತಾರೆ. ಮೂರು ಸಲವೂ ನೂರಾ ಎಂಬತ್ತನೆಯ ದಿನ ಬಂದು ನಿಲ್ಲುವುದು ಜನವರಿ ಹದಿಮೂರಕ್ಕೆ. ಇನ್ನು ನಾಲ್ಕೇ ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಅಂಕಿಯ ಕೆಳಗೆ ದುರ್ಗಾ ಎಂದು ಬರೆಯುತ್ತಾರೆ.

ಹನಮೇಶ ಒಪ್ಪುವ ಗಿರಾಕಿಯಲ್ಲ. “ಇಡೀ ಊರ ನೋಡೇತಿ, ಪಂಚಮಿ ದಿನಾನ ಬಂದಾಳ.”

“ಊರ ನೋಡಿದ್ರ ಏನ್ ಬಂತಪಾ,” ಎನ್ನುತ್ತಾರೆ ಉಡಚವ್ವ. “ಅಲ್ಲಿ ಮಷೀನ್ ನೋಡೇತಿ, ಹದಿನೇಳಕ್ಕ ಹೋದಾಕಿ ಅಂತ.”

ದುರ್ಗಾ ಬೆಂಚಿನ ಮೇಲೆ ಕುಸಿದು ಕೂಡುತ್ತಾರೆ. ಮಗಳ ಮುಖ ನೋಡಿ ಹೋಗಬೇಕೆಂದು ತಿಂಗಳಿಂದ ಕಾದವರು. ಕಣ್ಣೀರು ಒರೆಸಲು ಉಡಚವ್ವ ಸಮಯ ಕೊಡುವುದಿಲ್ಲ. ರಾಜರತ್ನ ಕಂಪ್ಯೂಟರಿಗೆ ಕೂರುತ್ತಾರೆ. ಹಳೆಯ ಟಿಕೆಟ್ ಬದಲಿಸಿ, ಜನವರಿ ಹನ್ನೆರಡರ ಮಧ್ಯಾಹ್ನ ಮುಂಬೈಯಿಂದ ಹೊರಡುವ ವಿಮಾನದಲ್ಲಿ ಒಂದು ಸೀಟು ಹಿಡಿಯುವಷ್ಟರಲ್ಲಿ ಎರಡು ಗಂಟೆ ಹೋಗುತ್ತದೆ. ಅಷ್ಟರೊಳಗೆ ಉಡಚವ್ವ ಮಗಳಿಗೆ ಫೋನ್ ಹಚ್ಚಿ, ಹಬ್ಬದ ದಾರಿ ಕಾಯದೆ ಭಾನುವಾರವೇ ಧಾರವಾಡದ ಬಸ್ ನಿಲ್ದಾಣಕ್ಕೆ ಬಾ ಎಂದು ಅಪ್ಪಣೆ ಕೊಟ್ಟಾಗಿದೆ.

ಭಾನುವಾರ ಮಧ್ಯಾಹ್ನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ತಾಯಿ ಮಗಳು ಒಂದೇ ಡಬ್ಬಿಯಲ್ಲಿ ರೊಟ್ಟಿ ಉಣ್ಣುತ್ತಿದ್ದರೆ, ಉಡಚವ್ವ ದುರ್ಗಾ ಅವರ ಚೀಲ ಬಿಚ್ಚಿ ಕೂತಿದ್ದಾರೆ. ಆಪರೇಷನ್ ಆದವಳಿಗೆ ಶಕ್ತಿ ಬರಲೆಂದು ಅತ್ತೆ ಕಟ್ಟಿಕೊಟ್ಟ ಅಂಟಿನ ಉಂಡೆಯ ಡಬ್ಬಿ ಹೊರಗೆ ಬರುತ್ತದೆ. ಅದರಲ್ಲಿ ಗಸಗಸೆ ಇದೆ, ದುಬೈಗೆ ಗಸಗಸೆ ಒಯ್ಯುವಂತಿಲ್ಲ. ಡಬ್ಬಿ ಹನಮೇಶರ ಕೈ ಸೇರುತ್ತದೆ. ಬದಲಿಗೆ ಸಂಕ್ರಾಂತಿಗೆ ಮೂರು ದಿನ ಮೊದಲೇ ಒಂದು ಪೊಟ್ಟಣ ಕುಸುರೆಳ್ಳು ದುರ್ಗಾ ಅವರ ಕೈಗೆ ಬೀಳುತ್ತದೆ. ಎಳ್ಳು ಬೆಲ್ಲ ಕೊಟ್ಟು ಒಳ್ಳೆಯ ಮಾತಾಡುವ ಹಬ್ಬ ಆ ಕಟ್ಟೆಯ ಮೇಲೆಯೇ ಮುಗಿಯುತ್ತದೆ.

ಹನ್ನೆರಡರ ಸಂಜೆ ಸುದ್ದಿ ಬರಬೇಕಿತ್ತು. ಬರಲಿಲ್ಲ. ಹದಿಮೂರು, ಭೋಗಿಯ ಬೆಳಗು. ಮನೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವ ಸದ್ದು. ಉಡಚವ್ವ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಾರೆ. ಯಾರಿಗೂ ಫೋನ್ ಹಚ್ಚಿಲ್ಲ. ಹಚ್ಚಿದರೆ ಅದೇ ಹೊತ್ತಿಗೆ ದುರ್ಗಾ ಅವರದು ಬಂದು ತಪ್ಪಿಹೋದೀತೆಂಬ ದಿಗಿಲು. ಮುಗದದ ಹನಮೇಶ ಎರಡು ಸಲ ವಿಚಾರಿಸಿದ್ದಾರೆ.

ಆರೂ ನಲವತ್ತಕ್ಕೆ ಫೋನ್ ಸದ್ದು ಮಾಡುತ್ತದೆ. ವಾಟ್ಸಾಪಿನಲ್ಲಿ ದುರ್ಗಾ ಅವರ ಧ್ವನಿ. “ಯವ್ವಾ, ಒಳಗ ಬಂದೇನಿ. ವಿಮಾನ ತಡಾ ಆತು, ಹಳೇ ಸಿಮ್ ಬಂದ್ ಆಗಿತ್ತು, ಈಗ ವೈಫೈ ಸಿಕ್ತು. ಕೌಂಟರಿನ್ಯಾಗ ಆ ಮನಷ್ಯಾ ಪರದೆ ನೋಡಿದ, ನನ್ನ ನೋಡಿದ, ತಿರಗಿ ಪರದೆ ನೋಡಿದ. ಆಮ್ಯಾಲ ಹೋಗು ಅಂತ ಕೈ ಮಾಡಿದ. ನಿನಗ ಇಲ್ಲಿಂದ ಏನ್ ಕಳಸಲಿ ಹೇಳವ್ವಾ.”

ಉಡಚವ್ವ ಅದನ್ನು ಎರಡು ಸಲ ಕೇಳುತ್ತಾರೆ. ಭಂಡಾರದ ಡಬ್ಬಿ ತೆಗೆದು, ದುರ್ಗಾ ಎಂಬ ಹೆಸರಿನ ಮೇಲೆ ಒಂದು ಚಿಟಿಕೆ ಒತ್ತುತ್ತಾರೆ. ಖುಷಿಗೆ ಕೈ ತಡೆಯದೆ ಪಕ್ಕದ ಸಂಕ್ರಾಂತಿಯ ಚಿತ್ರವೂ ಅರ್ಧ ಹಳದಿಯಾಗುತ್ತದೆ. ಆ ಸಾಲಿಯ ಮಕ್ಕಳಿಗೆ ಈಗ ಮೀಸೆ ಮೂಡುವ ವಯಸ್ಸು, ಗೇಟಿನ ಕಾವಲುಗಾರನೂ ಬದಲಾಗಿರಬಹುದು. ಅದೆಲ್ಲ ಅವರಿಗೆ ಗೊತ್ತಿಲ್ಲವೆಂದಲ್ಲ. ಅದೇ ಹಳದಿ ಬೆರಳಿನಿಂದ ಫೋನಿನ ಗುಂಡಿ ಒತ್ತಿ, ಬಾಯಿಗೆ ಹತ್ತಿರ ಹಿಡಿಯುತ್ತಾರೆ.

“ಏನೂ ಬ್ಯಾಡವಾ. ಸೂಟಿ ಸಿಕ್ಕ ದಿನಾ ನಾ ಇದ್ದ ಸಾಲಿ ಕಡೆ ಒಮ್ಮೆ ಹೋಗಿ ಬಾ. ಗೇಟಿನ್ಯಾಗ ಯಾರರೆ ಉಡಚವ್ವ ಆಯಾ ಎಲ್ಲಿ ಅಂತ ಕೇಳಿದ್ರ, ಮೂರ ದಿನಾ ತಡಾ ಆತಂತ ಹೇಳು.”