ಹೊಸಿಲಾಚೆ ಬಲಗಾಲು

ಅಮೆರಿಕದ ನೆವಾರ್ಕ್‌ನಲ್ಲಿ ನಮ್ಮ ಮನೆಯ ಎದುರಿಗೇ ಪೋರ್ಚುಗೀಸರ ಕ್ಲಬ್ಬು. ಪೋರ್ಚುಗಲ್‌ನ ಒಂದೇ ಒಂದು ಪುಟ್ಟ ಊರಿನಿಂದ ಬಂದವರು ಕಟ್ಟಿಕೊಂಡದ್ದು. ಅಲ್ಲಿ ಊರು ಅನ್ನಿಸಿಕೊಳ್ಳಬೇಕಾದರೆ ಒಂದು ಚರ್ಚು, ಬೆಂಕಿ ಆರಿಸುವ ಸ್ವಯಂಸೇವಕರ ದಳ, ಒಂದು ಬ್ಯಾಂಡು ಇರಲೇಬೇಕಂತೆ. ಇಲ್ಲಿ ಬೆಂಕಿ ಆರಿಸಲು ಬೇರೆಯವರಿದ್ದಾರೆ. ಹಾಗಾಗಿ ಇವರ ಊರಭಿಮಾನವೆಲ್ಲ ಬ್ಯಾಂಡಿಗೇ ಸುರಿದುಹೋಗಿತ್ತು. ಗುರುವಾರ ಸಂಜೆಯ ಅಭ್ಯಾಸ ನನ್ನ ಕಿವಿ ಕೊರೆಯುತ್ತಿತ್ತು. ಒಮ್ಮೆ ತಾಳ್ಮೆ ಕೆಟ್ಟು ಜಗಳಕ್ಕೇ ಹೋದೆ.

ಬ್ಯಾಂಡ್ ಮಾಸ್ಟರು ಗಾರೆ ಕೆಲಸದಿಂದ ನಿವೃತ್ತರಾದ ಮುದುಕರು. ಗದ್ದಲ ಸಾಲದೆಂಬಂತೆ ತಾಳವೂ ತಪ್ಪುತ್ತಿದೆ ಎಂದು ನಾನು ಕೂಗಾಡಿದ್ದನ್ನು ಪೂರ್ತಿ ಕೇಳಿದರು.

"ತಾಳ ತಪ್ಪಿದ್ದು ನಿಜ. ದೊಡ್ಡ ಡ್ರಮ್ಮಿನವನು ಫ್ಲಾರಿಡಾಗೆ ಮೂವ್ ಆದ. ನೀನೇ ಬಾರಿಸು," ಎಂದು ಕೋಲನ್ನು ಕೈಗಿಟ್ಟರು.

ಐವತ್ತು ದಾಟಿದ ಹೆಂಗಸು ನಾನು. ಮೊದಲ ಪೆಟ್ಟಿಗೇ ಜಗಳ ಮರೆತುಹೋಯಿತು.

ನಿಂತು ಬಾರಿಸಿದರೆ ನನ್ನದು ಎತ್ತಿದ ಕೈ. ನಡೆಯುವಾಗ ಬಂತು ಗ್ರಹಚಾರ. ಊರಹಬ್ಬದಂದು ಬ್ಯಾಂಡು ಕ್ಲಬ್ಬಿನ ಬಾಗಿಲಿನಿಂದ ಹೊರಟು ಬೀದಿಗಿಳಿಯಬೇಕು. ಅವರೂರಿನ ಪದ್ಧತಿಯಂತೆ ಡ್ರಮ್ಮೇ ಎಲ್ಲರಿಗಿಂತ ಮುಂದೆ, ಮೊದಲ ಪೆಟ್ಟಿಗೆ ಎಡಗಾಲು. ಅದರ ಅಭ್ಯಾಸದಲ್ಲಿ ಹೊಸಿಲು ಕಂಡದ್ದೇ ತಡ, ನಾನು ಬಲಗಾಲಿಟ್ಟೆ. ಹಿಂದಿದ್ದವರಲ್ಲಿ ಅರ್ಧ ಜನ ನನ್ನ ಕಾಲನ್ನು ನಂಬಿದರು, ಅರ್ಧ ಜನ ಮಾಸ್ಟರನ್ನು. ಟ್ರಂಬೋನಿನವನು ಕ್ಲಾರಿನೆಟ್ಟಿನವಳ ಹಿಮ್ಮಡಿ ತುಳಿದ. ಇನ್ನೊಮ್ಮೆ ಹೊರಟರೆ ಮತ್ತೆ ಬಲಗಾಲೇ. ಅಮ್ಮ, ಅಜ್ಜಿ, ಅತ್ತೆ ಎಲ್ಲರೂ "ಬಲಗಾಲಿಟ್ಟು ಬಾ" ಎಂದು ಹೇಳಿ ಹೇಳಿ ಪಳಗಿಸಿದ ಕಾಲು. ಮಾಸ್ಟರ ಮಾತು ಅದಕ್ಕೆಲ್ಲಿ ತಾಗೀತು?

"ಹಬ್ಬಕ್ಕೆ ಪೋರ್ಚುಗಲ್‌ನಿಂದ ನಮ್ಮೂರ ಬ್ಯಾಂಡಿನ ಅಧ್ಯಕ್ಷರೇ ಬರ್ತಾರೆ. ಅವತ್ತೂ ತಪ್ಪಿದರೆ ಡ್ರಮ್ಮು ಬೇರೆಯವರಿಗೆ," ಎಂದರು ಮಾಸ್ಟರು.

ನನಗೆ ಅಳುವೇ ಬಂತು. ಆಫೀಸು, ಕಮ್ಯೂಟು, ಅಡುಗೆ ಎಲ್ಲ ತಾವಾಗಿ ನನ್ನ ಪಾಲಿಗೆ ಬಂದವು. ಬೇಕೇ ಬೇಕೆಂದು ನಾನು ಹಟ ಹಿಡಿದದ್ದು ಈ ಡ್ರಮ್ಮೊಂದಕ್ಕೇ.

"ಲೆಫ್ಟ್ ಶೂಗೆ ಒಂದು ಸ್ಟಿಕರ್ ಹಚ್ಕೊಳೇ, ಸಿಂಪಲ್," ಎಂದರು ನನ್ನ ಗಂಡ.

"ಹೊಟ್ಟೆ ಮೇಲೆ ಅಷ್ಟು ದೊಡ್ಡ ಡ್ರಮ್ ಇದ್ರೆ ಶೂ ಎಲ್ರೀ ಕಾಣತ್ತೆ?"

ಹಬ್ಬದ ದಿನ ಹೊಸಿಲ ಮುಂದೆ ನಿಂತಾಗ, ಈ ಕಾಲಿನ ಜೊತೆ ಜಗಳವೇ ಬೇಡ ಅನ್ನಿಸಿತು. ಮಾಸ್ಟರು ಸೀಟಿ ಊದುವ ಮೊದಲೇ, ಡ್ರಮ್ಮು ಮುಟ್ಟದೆ, ಬಲಗಾಲನ್ನು ಹೊಸಿಲಾಚೆ ಇಟ್ಟು ಸುಮ್ಮನೆ ನಿಂತೆ. ಅಮ್ಮನಿಗೆ ಸಲ್ಲಬೇಕಾದ್ದು ಸಂದಿತು. ಅದೇನೋ ಹೊಸ ಸನ್ನೆ ಇರಬೇಕೆಂದುಕೊಂಡು ಹಿಂದಿನ ಸಾಲುಗಳೂ ಬಲಗಾಲನ್ನು ಮುಂದಿಟ್ಟು ಕಾದವು. ಸೀಟಿ ಕೇಳಿಸಿತು. ಇನ್ನು ಉಳಿದದ್ದು ಎಡಗಾಲೇ. ಧಂ! ಇಡೀ ಬ್ಯಾಂಡು ಒಂದೇ ಹೆಜ್ಜೆಯಲ್ಲಿ ಬೀದಿಗಿಳಿಯಿತು. ಪಕ್ಕದ ಬೇಕರಿಯವರು ಕೈಗೆ ಹಿಟ್ಟು ಮೆತ್ತಿಕೊಂಡೇ ಹೊರಬಂದು ಚಪ್ಪಾಳೆ ತಟ್ಟಿದರು. ಗೆದ್ದೆ, ಗೆದ್ದೆ ಎಂದು ನಾನು ಡ್ರಮ್ಮಿನ ಸದ್ದಿನಲ್ಲಿ ಕನ್ನಡದಲ್ಲೇ ಕೂಗಿಕೊಂಡೆ.

ಊಟದ ಹೊತ್ತಿಗೆ ಅಧ್ಯಕ್ಷರು ನಮ್ಮ ಮೇಜಿಗೆ ಬಂದರು. "ಹೊರಡುವ ಮುಂಚೆ ಬಲಗಾಲಿಟ್ಟು ನಿಂತಿರಲ್ಲ, ಅದೇನು? ನಮ್ಮಲ್ಲಿ ಯಾರೂ ಹಾಗೆ ಮಾಡಲ್ಲ," ಎಂದು ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದರು.

ಮಾಸ್ಟರು ನನ್ನ ಕಡೆ ಒಮ್ಮೆ ನೋಡಿ, ಮುಖ ಗಂಭೀರ ಮಾಡಿಕೊಂಡರು. "ನಮ್ಮಜ್ಜನ ಕಾಲದ ಪದ್ಧತಿ. ನೀವು ಬಿಟ್ಟಿರಿ, ನಾವು ಉಳಿಸಿಕೊಂಡೆವು."

ಮರುವರ್ಷ ಆ ಊರಿನಿಂದ ವಿಡಿಯೊ ಬಂತು. ಕಲ್ಲು ಹಾಸಿದ ಬೀದಿ, ಹಳೆಯ ದೊಡ್ಡ ಬಾಗಿಲು. ಮುಂದಿದ್ದ ಡ್ರಮ್ಮಿನವನು ಬಲಗಾಲನ್ನು ಹೊಸಿಲಾಚೆ ಇಟ್ಟು ಸೀಟಿಗೆ ಕಾಯುತ್ತಿದ್ದ, ಅವನ ಹಿಂದೆ ಇಡೀ ಬ್ಯಾಂಡು. ಮೈಸೂರಿನಲ್ಲಿದ್ದ ಅಮ್ಮನಿಗೆ ಅದನ್ನು ಕಳಿಸಿದೆ.

ಅಮ್ಮ ತಕ್ಷಣ ಫೋನ್ ಮಾಡಿದಳು. "ನೋಡಿದ್ಯಾ? ಅವ್ರಿಗೂ ಮನೇಲಿ ಯಾರೋ ದೊಡ್ಡೋರು ಹೇಳ್ಕೊಟ್ಟಿದಾರೆ."