ಬಾಲದ ಕಡೆಯ ಕೈಗಳು

ಬೇಲಿ ಮೇಲೆ ಹೋಗುವ ಓತಿಕ್ಯಾತನನ್ನು ಹಿಡಿದು ಪಂಚೆಯೊಳಗೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ನಮ್ಮ ಯಜಮಾನರು ಅದಕ್ಕಿಂತ ಒಂದು ಕೈ ಮೇಲು. ಎಪ್ಪತ್ತರ ದಶಕದ ಕೊನೆಯಲ್ಲಿ ಯಾವುದೋ ಸರ್ಕಸ್ಸಿನ ಜನರೇಟರ್ ರಿಪೇರಿಗೆ ಹೋದವರು, ಅಲ್ಲಿ ಹಾವಿನ ಆಟ ನಿಲ್ಲಿಸಿದ್ದಾರೆಂದು ಬೋವಾ ಒಂದನ್ನು ಮರದ ಪೆಟ್ಟಿಗೆ ಸಮೇತ ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಗೆ ತಂದರು. ನಮ್ಮ ಹೆಬ್ಬಾವಿನ ದೂರದ ನೆಂಟ, ಹೊರದೇಶದ್ದು, ವಿಷವಿಲ್ಲ. ಉದ್ದದಲ್ಲಿ ನನ್ನನ್ನು ಮೀರಿಸುತ್ತಿತ್ತು.

ಮನೆಯಲ್ಲಿ ನಾವು ಮೂವರೇ: ಅವರು, ನಾನು, ಅವರ ತಾಯಿ. ಅತ್ತೆ ಕೊರಳಲ್ಲಿ ಲಿಂಗ ಕಟ್ಟಿದವರು, ಮೊಟ್ಟೆಯ ಹೆಸರೆತ್ತಿದರೆ ಊಟ ಬಿಟ್ಟು ಏಳುವವರು. ಇಲಿ ತಿನ್ನುವ ಪ್ರಾಣಿಯನ್ನು ಅವರೇ ಹೊರಗೆ ಹಾಕಿಸುತ್ತಾರೆ ಎಂದು ನಂಬಿಕೊಂಡಿದ್ದೆ. ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿ, "ಶಿವ ಕೊರಳಲ್ಲೇ ಹಾಕ್ಕೊಂಡಿದ್ದಾನೆ, ಹಿತ್ತಲಲ್ಲಿ ಇರ್ಲಿ ಬಿಡು" ಅಂದರು. ಅದೂ ಮಗನಿಗೆ ಹೇಳಿದ್ದು. ನನ್ನ ಜೊತೆ ಅವರು ಮಾತು ಬಿಟ್ಟು ಆಗಲೇ ವರ್ಷವಾಗಿತ್ತು. ಕಾರಣ ಇಬ್ಬರಿಗೂ ಮರೆತುಹೋಗಿತ್ತು, ಹಟ ಮಾತ್ರ ಉಳಿದಿತ್ತು.

ಯಜಮಾನರು ಆರಂಭಶೂರರು. ಸರ್ಕಸ್ಸಿನವರು ಹೇಳಿಕೊಟ್ಟ ಪಾಠವನ್ನೆಲ್ಲ ನಮಗೆ ಒಪ್ಪಿಸಿದರು. ಒಬ್ಬರೇ ಎತ್ತಬಾರದು, ಕೊರಳಿಗಂತೂ ಹಾಕಿಕೊಳ್ಳಲೇಬಾರದು. ತಿಂದ ಮೇಲೆ ಕೆಲವು ದಿನ ಮುಟ್ಟಬಾರದು, ಮುಟ್ಟಿದರೆ ಕಕ್ಕಿಬಿಡುತ್ತದೆ. ಕೈಗೆ ಇಲಿಯ ವಾಸನೆಯಿದ್ದರೆ ಬೆರಳನ್ನೇ ಊಟವೆಂದುಕೊಳ್ಳುತ್ತದೆ. ಸುತ್ತಿಕೊಂಡರೆ ಎಳೆದಾಡದೆ ಬಾಲದ ಕಡೆಯಿಂದ ಬಿಡಿಸಬೇಕು. ಇಷ್ಟು ಹೇಳಿ ಅವರು ಊರೂರು ರಿಪೇರಿಗೆ ಹೊರಟರು. ಬಂದಾಗ ಇಲಿ ತಂದು ಹಾಕುವುದಷ್ಟೇ ಅವರ ಪಾಲು. ಪೆಟ್ಟಿಗೆ ತೊಳೆಯುವುದು, ನೀರಿಡುವುದು, ಚಳಿಗೆ ಗೋಣಿ ಹೊದಿಸುವುದು ನನ್ನ ತಲೆಗೆ ಬಂತು.

ಮೊದಲ ಭಾನುವಾರ, ಹಾವನ್ನು ಹೊರಗೆತ್ತದೆ ಪೆಟ್ಟಿಗೆ ತೊಳೆಯುವುದು ಹೇಗೆಂದು ದಿಕ್ಕು ತೋಚದೆ ನಿಂತಿದ್ದೆ. ಅತ್ತೆ ಸೀಗೆಪುಡಿ ಹಾಕಿ ಮೊಣಕೈವರೆಗೆ ತೊಳೆದುಕೊಂಡು ಬಂದರು.

"ತಲೆ ನೀನು ಹಿಡ್ಕೊ. ಬಾಲ ನಾನು ನೋಡ್ಕೋತೀನಿ."

ವರ್ಷದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಆಮೇಲೆ ಎಷ್ಟೋ ಭಾನುವಾರಗಳು ಹಾಗೇ ಹೋದವು: ಇಬ್ಬರೂ ಸೇರಿ ಹಾವನ್ನು ಗೋಣಿಚೀಲಕ್ಕೆ ಇಳಿಸುವುದು, ಪೆಟ್ಟಿಗೆ ತೊಳೆಯುವುದು, ಮತ್ತೆ ಒಳಗೆ ಬಿಡುವುದು. "ಹೊಟ್ಟೆ ಕೆಳಗೆ ಕೈ ಕೊಡು, ಜೋತು ಬೀಳಿಸ್ಬೇಡ" ಅನ್ನುವರು. "ಕಣ್ಣು ಮಂಜಾಗಿದೆ, ಪೊರೆ ಬಿಡುತ್ತೆ, ಇವತ್ತು ಬೇಡ" ಅನ್ನುವರು. ಹಾವನ್ನು ಹಿಡಿದುಕೊಂಡೇ "ನಿನ್ನೆ ಸಾರಿಗೆ ಉಪ್ಪು ಜಾಸ್ತಿ" ಅಂದದ್ದೂ ಇದೆ. ಸೋಮವಾರದಿಂದ ಮತ್ತೆ ಬಾಯಿಗೆ ಬೀಗ. ಆರು ದಿನ ಕನಕಪುರ ರಸ್ತೆಯ ಬಸ್ಸಿನಲ್ಲಿ ನೇತಾಡಿ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗಿಬಂದು, ಏಳನೆಯ ದಿನ ಹಾವಿನ ಸೇವೆ. ನನಗೆ ಸಾಕುಸಾಕಾಗಿತ್ತು. ಆದರೂ ಭಾನುವಾರ ತಪ್ಪಲಿ ಎಂದು ನಾನು ಬೇಡಿಕೊಂಡವಳಲ್ಲ. ಆ ಮನೆಯಲ್ಲಿ ನನ್ನನ್ನು ಯಾರಾದರೂ ಮಾತಾಡಿಸುತ್ತಿದ್ದದ್ದು ಅದೊಂದು ಹೊತ್ತು.

ವರ್ಷ ಕಳೆದಂತೆ ಹಾವು ದಪ್ಪಗಾಯಿತು, ಅತ್ತೆ ಸಣ್ಣಗಾದರು. ಒಂದು ಭಾನುವಾರ ಅದು ನನ್ನ ಮುಂಗೈಯನ್ನು ಬಿಗಿಯಾಗಿ ಸುತ್ತಿಕೊಂಡಿತು. ಅತ್ತೆ ಬಾಲ ಹಿಡಿದು ಬಿಡಿಸಲು ನೋಡಿದರು. ಬೆರಳು ಜಾರಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಹಿಡಿದರು, ಮತ್ತೆ ಜಾರಿತು. ನನ್ನ ಕೈ ಜೋಮು ಹಿಡಿದಿತ್ತು. ಕೊನೆಗೆ ಹಾವೇ ತಾನಾಗಿ ಸಡಿಲವಾಯಿತು. ಪೆಟ್ಟಿಗೆ ಮುಚ್ಚಿ, ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

"ನನ್ನ ಕೈಲಿ ಆಗ್ತಿಲ್ಲ ಕಣಮ್ಮ. ನಿನಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?"

ಯಜಮಾನರು ಊರಿಗೆ ಬಂದ ಮೇಲೆ, ಹಾವು ಇನ್ನು ಬೇಡ ಎಂದು ನಾನೇ ಹೇಳಿದೆ. ಅವರು ಮುಖ ಊದಿಸಿಕೊಂಡರು. ಮೃಗಾಲಯದವರು ಜೀಪಿನಲ್ಲಿ ಬಂದು ಚೀಲದಲ್ಲಿ ಒಯ್ದರು, ಪೆಟ್ಟಿಗೆ ಬಿಟ್ಟುಹೋದರು. ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಇನ್ನು ಅತ್ತೆ ನನ್ನ ಹತ್ತಿರ ಬರಲು ಕಾರಣವೇ ಇಲ್ಲವಲ್ಲ ಎಂದು ಹೆದರಿಕೆಯಾಯಿತು.

ಭಾನುವಾರ ತಡವಾಗಿ ಎದ್ದೆ. ಹಿತ್ತಲಿಗೆ ಹೋದರೆ ಅತ್ತೆ ಆಗಲೇ ಕೈ ತೊಳೆದು ಖಾಲಿ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದರು.

"ಹಾವು ಇಲ್ವಲ್ಲ ಅತ್ತೆ" ಅಂದೆ.

"ಗೊತ್ತು. ಪೆಟ್ಟಿಗೆ ತೊಳೀಬೇಡ್ವಾ? ಆ ಕಡೆ ಹಿಡ್ಕೊ."

ಪೆಟ್ಟಿಗೆಯನ್ನು ತೊಳೆದು, ಆಚೆ ಅವರು ಈಚೆ ನಾನು ಹಿಡಿದು ಬಿಸಿಲಿಗೆ ಇಟ್ಟೆವು. ಒಬ್ಬರೇ ಎತ್ತಬಹುದಾದಷ್ಟು ಹಗುರವಿತ್ತು. ಆದರೂ ಇಬ್ಬರಲ್ಲಿ ಯಾರೂ ಕೈ ಬಿಡಲಿಲ್ಲ.