ಜಪದ ನಡುವೆ ನಿಂತ ಹುಡುಗಿ

ಸೈಕಲ್ ರಿಪೇರಿ ಮಾಡುವ ಮಾವನಿಗೆ ಈ ಕೆಲಸ ಗಂಟುಬಿದ್ದದ್ದು ಅಕ್ಕ ಆಸ್ಪತ್ರೆ ಸೇರಿದ್ದರಿಂದ. ಅಪೆಂಡಿಕ್ಸ್ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದರೂ ಅವಳಿನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಎಂಟು ವರ್ಷದ ಮಗಳು ಚರ್ಚಿನಲ್ಲಿ ಫಾದರ್ ಮುಂದೆ ತಪ್ಪು ಒಪ್ಪಿಕೊಂಡು ಕ್ಷಮೆ ಬೇಡುವ ಮೊದಲ ಪಾಪನಿವೇದನೆಗೆ ಉಳಿದದ್ದು ಒಂದೇ ವಾರ. ಶಾಲೆ ಬಿಟ್ಟೊಡನೆ ಹುಡುಗಿ ಅಂಗಡಿಗೆ ಬಂದು ಹಳೆಯ ಟೈರುಗಳ ಮೇಲೆ ಕೂತು ಪಶ್ಚಾತ್ತಾಪದ ಜಪ ಒಪ್ಪಿಸಬೇಕು. ಮಾವ ಗ್ರೀಸು ಮೆತ್ತಿದ ಕೈಯಲ್ಲೇ ಪುಸ್ತಕ ಹಿಡಿದು ತಿದ್ದಬೇಕು.

ಅರಳು ಹುರಿದಂತೆ ಮಾತಾಡುವ ಹುಡುಗಿ ‘ನನ್ನ ಪಾಪಗಳಿಗಾಗಿ’ ಎಂಬಲ್ಲಿಗೆ ಬಂದರೆ ಸಾಕು, ಬಾಯಿಗೆ ಬೀಗ.

“ದಿನಾ ಇಲ್ಲೇ ಯಾಕೆ ಪಂಕ್ಚರ್ ಆಗ್ತೀಯ?” ಎಂದು ಮಾವ ನಕ್ಕ.

ಅವಳು ನಗಲಿಲ್ಲ. “ಮಾವ, ಕೊಲೆ ಮಾಡಿದ್ರೂ ಫಾದರ್ ಕ್ಷಮಿಸ್ತಾರಾ?”

ಮಾವ ಸ್ಪ್ಯಾನರ್ ಕೆಳಗಿಟ್ಟ. “ಯಾರೇ ಕೊಲೆ ಮಾಡಿದ್ದು?”

ಬಿಕ್ಕುತ್ತ ಹೊರಬಂದದ್ದು ಇಷ್ಟು: ಹೊಸ ಬೂಟು ಕೊಡಿಸಲಿಲ್ಲವೆಂಬ ಸಿಟ್ಟಿಗೆ ಅವಳು ಅಮ್ಮನಿಗೆ “ನೀನು ಸತ್ತು ಹೋಗು” ಎಂದಿದ್ದಳು. ಮಾರನೆಯ ದಿನವೇ ಅಮ್ಮ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದಳು.

ಮಾವ ಕೈ ಒರೆಸಿಕೊಂಡು ಅವಳ ಪಕ್ಕ ಟೈರಿನ ಮೇಲೆ ಕೂತ. ಇಷ್ಟು ದಿನ ಈ ಬೆಟ್ಟ ಹೊತ್ತುಕೊಂಡೇ ಮಗು ಶಾಲೆಗೆ ಹೋಗಿಬಂದಿತ್ತೇ?

“ನಿನ್ನಮ್ಮನಿಗೆ ಆ ನೋವು ಮೊದಲೇ ಇತ್ತು ಕಣೇ. ಡಾಕ್ಟರ್ ಹತ್ರ ಹೋಗು ಅಂತ ನಾನೇ ಬಡ್ಕೊಂಡಿದ್ದೆ. ನಿನ್ನ ಮಾತಿಗೂ ಅದಕ್ಕೂ ಸಂಬಂಧ ಇಲ್ಲ. ಆದ್ರೆ ಆಡಬಾರದ ಮಾತು ಆಡಿದ್ದು ನಿಜ. ಮೊದಲು ಅಮ್ಮನಿಗೆ ಹೇಳೋಣ, ಬಾ.” ಗಿರಾಕಿಗಳು ಬರುವ ಹೊತ್ತಿನಲ್ಲೇ ಅಂಗಡಿಯ ಬಾಗಿಲು ಎಳೆದ.

ಅಕ್ಕ ದಿಂಬಿಗೊರಗಿ ಎಲ್ಲವನ್ನೂ ಕೇಳಿದಳು. “ಅಯ್ಯೋ, ಅವತ್ತು ಮಿಕ್ಸಿ ಓಡ್ತಾ ಇತ್ತಲ್ಲೇ! ನನಗೆ ಕೇಳಿಸಿದ್ದು ನೀನು ಬಾಗಿಲು ಬಡಿದದ್ದು ಮಾತ್ರ.” ನಗಲು ಹೋಗಿ ಹೊಲಿಗೆ ಎಳೆಯಿತು. “ನಗಿಸ್ಬೇಡ್ವೇ” ಎನ್ನುತ್ತಲೇ ಮಗಳನ್ನು ಎದೆಗವಚಿಕೊಂಡಳು.

ಶನಿವಾರ ಹುಡುಗಿ ಪಾಪನಿವೇದನೆಯ ಪರದೆಯ ಹಿಂದೆ ಹೋದಳು. ಇಗರ್ಜಿಯ ಬೆಂಚಿನಲ್ಲಿದ್ದ ಮಾವನಿಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಜಪ ಪೂರ್ತಿ ಬಾಯಿಗೆ ಬಂತೋ, ಅರ್ಧಕ್ಕೇ ನಿಂತಿತೋ? ಅಷ್ಟರಲ್ಲೇ ಅವಳು ಓಡೋಡಿ ಬಂದು ಪಕ್ಕದಲ್ಲಿ ಧೊಪ್ಪನೆ ಕೂತಳು.

“ಏನಂದ್ರು?”

“ಒಳಗಿನದ್ದು ಹೊರಗೆ ಹೇಳಲ್ಲ. ಫಾದರ್‌ಗೆ ನೆಗಡಿ ಆಗಿದೆ, ಅಷ್ಟೇ ಹೇಳ್ತೀನಿ. ಮಾವ, ತುಂಬಾ ಹಸಿವು.”

ಮಾವ ತಡೆಯಲಾಗದೆ ಗಟ್ಟಿಯಾಗಿ ನಕ್ಕ. ಮುಂದಿನ ಬೆಂಚಿನ ಅಜ್ಜಿ ತಿರುಗಿ ಕಣ್ಣು ಕೆಕ್ಕರಿಸಿದಳು. ಅವನಿಗೆ ಅದೂ ಹಿತವಾಗಿಯೇ ಇತ್ತು.